ಮದ್ದಿನ ಚೀಟಿಯಿಂದ ಶುರುವಾದ ಇಂಗ್ಲಿಷ್: ಕಾಸರಗೋಡಿನ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಗ್ರಂಥಾಲಯದಲ್ಲಿ ಭಾನುವಾರ ಮಧ್ಯಾಹ್ನ ದೊಡ್ಡವರಿಗಾಗಿ ಇಂಗ್ಲಿಷ್ ತರಗತಿ ನಡೆಯುತ್ತದೆ. ನಾನು ಅಲ್ಲಿ ಕಲಿಸುತ್ತೇನೆ. ಆ ತರಗತಿಗೆ ಬಂದ ಒಬ್ಬರ ಕಲಿಕೆಯನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಕೇಳಿದ್ದೇನೆ. ಹೆಸರು, ಊರು ಹಾಕುವುದಿಲ್ಲ. ತರಗತಿಯಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ, ಇಲ್ಲೂ ಹಾಗೇ ಇರಲಿ.

ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ನನ್ನಂಥವರು ಇನ್ನೂ ತುಂಬಾ ಜನ ಇದ್ದಾರೆ. ಅವರಿಗೆ ಈ ವಿವರ ಕೆಲಸಕ್ಕೆ ಬಂದೀತು ಅಂತ ನನ್ನ ನಂಬಿಕೆ.

ಅಕ್ಕ ಯಾರು

ಅಕ್ಕನಿಗೆ 46 ವರ್ಷ. ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಆಮೇಲೆ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾಯಿತು, ಜೊತೆಗೆ ಬೀಡಿ ಕಟ್ಟುವ ಕೆಲಸ. ಮದುವೆಯಾದ ಮೇಲೂ ಬೀಡಿ ಬಿಡಲಿಲ್ಲ. ಗಂಡ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಾರೆ. ಮಗಳಿಗೆ ಮದುವೆಯಾಗಿದೆ. ಮಗನಿಗೆ 19. ಅವನಿಗೆ ಚಿಕ್ಕಂದಿನಿಂದಲೂ ಫಿಟ್ಸ್ ಬರುತ್ತದೆ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮದ್ದು ನಡೆಯುತ್ತಿದೆ.

ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು, 1984ರಲ್ಲಿ ಬೇರೆ ಜಿಲ್ಲೆಯಾಯಿತು. ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಆದರೂ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಜನ ಈಗಲೂ ಕರ್ನಾಟಕದ ಗಡಿಯ ತಲಪಾಡಿ ದಾಟಿಯೇ ಆಸ್ಪತ್ರೆಗೆ ಹೋಗುತ್ತಾರೆ. 2020ರ ಲಾಕ್‌ಡೌನಿನಲ್ಲಿ ಆ ದಾರಿ ಮುಚ್ಚಿದಾಗ ರೋಗಿಗಳಿದ್ದ ಮನೆಗಳಲ್ಲಿ ಏನು ಪಾಡಾಯಿತು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಮಂಗಳೂರಿನ ಆಸ್ಪತ್ರೆಗಳಲ್ಲಿ ಎಲ್ಲ ಕಡೆಯ ಡಾಕ್ಟರುಗಳಿದ್ದಾರೆ. ದೊಡ್ಡ ಡಾಕ್ಟರಿಗೆ ಕನ್ನಡವೋ ತುಳುವೋ ಬರುವುದುಂಟು. ಆದರೆ ಅವರ ಹತ್ತಿರ ಹೋಗುವ ಮೊದಲು ಎಲ್ಲ ವಿವರ ಕೇಳಿ ಬರೆದುಕೊಳ್ಳುವವರು ಪಿ.ಜಿ. ಮಾಡುತ್ತಿರುವ ಚಿಕ್ಕ ಪ್ರಾಯದವರು. ಅವರಲ್ಲಿ ಹೊರ ರಾಜ್ಯದವರೂ ಇರುತ್ತಾರೆ. ಅವರು ಕೇಳುವುದು ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ. ಮಗನ ಬೈಸ್ಟ್ಯಾಂಡರ್ (ರೋಗಿಯ ಜೊತೆಗೆ ಇರುವವರು) ಆಗಿ ಯಾವಾಗಲೂ ಅಕ್ಕನೇ ಹೋಗುವುದು. ಮಗಳು ಜೊತೆಗಿದ್ದರೆ ಅವಳು ಉತ್ತರ ಕೊಡುತ್ತಾಳೆ. ಇಲ್ಲದಿದ್ದರೆ ಪಕ್ಕದ ಬೆಂಚಿನಲ್ಲಿ ಕೂತವರು ಯಾರಾದರೂ ಆಗಬೇಕು.

ಅಕ್ಕನಿಗೆ ಎಷ್ಟು ಭಾಷೆ ಬರುತ್ತದೆ ಎಂದು ಮೊದಲ ದಿನ ಕೇಳಿದೆ. "ಕನ್ನಡ ಒಂದೇ ಟೀಚರೇ" ಅಂದರು. ಮಾತಾಡುತ್ತಾ ಹೋದಂತೆ ಬೇರೆಯೇ ಪಟ್ಟಿ ಬಂತು. ಮನೆಯಲ್ಲಿ ತುಳು. ಶಾಲೆಯಲ್ಲಿ ಕಲಿತದ್ದು ಕನ್ನಡ. ಬಸ್ಸಿನಲ್ಲಿ, ಪಂಚಾಯತಿನಲ್ಲಿ, ಹೆಂಗಸರ ಕುಟುಂಬಶ್ರೀ ಸಂಘದ ಸಭೆಯಲ್ಲಿ ಮಲಯಾಳ. ಪಕ್ಕದ ಮನೆಯವರ ಹತ್ತಿರ ಬ್ಯಾರಿ. ಟಿವಿ ನೋಡಿ ಹಿಂದಿ ಅರ್ಥವಾಗುತ್ತದೆ, ಮಾತಾಡಲು ನಾಚಿಕೆ. ಶಾಲೆಯಲ್ಲಿ ಓದಿ ಬರೆಯಲು ಕಲಿತದ್ದು ಕನ್ನಡ ಒಂದನ್ನೇ, ಹಾಗಾಗಿ ಅವರ ಲೆಕ್ಕದಲ್ಲಿ ಬರುವುದು ಅದೊಂದೇ. ಉಳಿದ ಭಾಷೆಗಳು ಬೇಕಾದಾಗ, ಬೇಕಾದಷ್ಟು, ಕಿವಿಯಿಂದಲೇ ಬಂದವು.

ನನಗೆ ಇದು ಬಹಳ ಮುಖ್ಯ ಅನ್ನಿಸಿತು. ಐದು ಭಾಷೆಗಳ ನಡುವೆ ದಿನ ಕಳೆಯುವ ಹೆಂಗಸಿಗೆ ಭಾಷೆ ಕಲಿಯುವ ಶಕ್ತಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಹಾಗಿದ್ದರೆ ಇಂಗ್ಲಿಷ್ ಯಾಕೆ ಬರಲಿಲ್ಲ?

ಮೊದಲು ಹೋಗಿದ್ದ ಕ್ಲಾಸು

ನಮ್ಮಲ್ಲಿಗೆ ಬರುವ ಮೊದಲು ಅಕ್ಕ ಪೇಟೆಯಲ್ಲಿ ಬೇರೆಯವರು ನಡೆಸುತ್ತಿದ್ದ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗಿ ಬಿಟ್ಟಿದ್ದರು. ಯಾಕೆ ಬಿಟ್ಟಿರಿ ಎಂದು ಕೇಳಿದಾಗ ಮೊದಲು "ಮನೆಯಲ್ಲಿ ಕೆಲಸ" ಅಂದರು. ದೊಡ್ಡವರ ತರಗತಿಯಲ್ಲಿ ಎಲ್ಲರೂ ಹೇಳುವ ಕಾರಣ ಇದು, ಸುಳ್ಳೂ ಅಲ್ಲ. ಆದರೆ ಅದರ ಹಿಂದೆ ಇನ್ನೊಂದು ಇದ್ದೇ ಇರುತ್ತದೆ.

ಅಕ್ಕನ ವಿಷಯದಲ್ಲಿ ಎರಡು ಕಾರಣ ಸಿಕ್ಕಿದವು. ಒಂದು, ಅಲ್ಲಿ ಅರ್ಥ ವಿವರಿಸುತ್ತಿದ್ದದ್ದು ಮಲಯಾಳದಲ್ಲಿ. ಬಾಯಲ್ಲಿ ಹೇಳಿದ್ದು ಅವರಿಗೆ ಸುಮಾರಾಗಿ ತಿಳಿಯುತ್ತಿತ್ತು. ಬೋರ್ಡಿನಲ್ಲಿ ಇಂಗ್ಲಿಷ್ ಪದದ ಪಕ್ಕ ಮಲಯಾಳ ಲಿಪಿಯಲ್ಲಿ ಬರೆದಾಗ ಏನೂ ಗೊತ್ತಾಗುತ್ತಿರಲಿಲ್ಲ. ಮಲಯಾಳ ಮಾತಾಡುವ ಎಷ್ಟೋ ಕನ್ನಡಿಗರಿಗೆ ಮಲಯಾಳ ಓದಲು ಬರುವುದಿಲ್ಲ, ಅಲ್ವಾ? ಒಂದೇ ಸಲಕ್ಕೆ ಎರಡು ಗೊತ್ತಿಲ್ಲದ ಲಿಪಿಗಳು ಅವರ ಮುಂದೆ ಬಂದು ನಿಂತವು.

ಎರಡನೆಯದು ಇದಕ್ಕಿಂತ ನೋವಿನದು. ಎಲ್ಲರೂ ಎದ್ದು ನಿಂತು ಇಂಗ್ಲಿಷಿನಲ್ಲಿ ತಮ್ಮ ಪರಿಚಯ ಹೇಳಬೇಕಿತ್ತು. ಹೆಸರು, ಊರು, ಹಾಬಿ. ಕೂತಿದ್ದವರೆಲ್ಲ ಕೆಲಸ ಹುಡುಕುತ್ತಿದ್ದ ಹುಡುಗ ಹುಡುಗಿಯರು. ಕ್ರಿಕೆಟ್, ಸಂಗೀತ, ತಿರುಗಾಟ ಎಂದು ಹೇಳಿದರು. "ನನಗೆಂತ ಹಾಬಿ ಉಂಟು ಟೀಚರೇ? ಬೀಡಿ ಕಟ್ಟುದು ಅಂತ ಹೇಳ್ಲಿಕ್ಕಾಗ್ತದಾ?" ಮುಂದಿನ ವಾರದಿಂದ ಅವರು ಹೋಗಲಿಲ್ಲ.

ಕೆಲಸದ ಇಂಟರ್‌ವ್ಯೂಗೆ ತಯಾರಾಗುವವರಿಗೆ ಆ ಪಾಠ ಸರಿಯಾದದ್ದೇ. ಅಕ್ಕನಿಗೆ ಬೇಕಾದದ್ದು ಅದಲ್ಲ. ಏನು ಬೇಕು ಎಂದು ಅಲ್ಲಿ ಯಾರೂ ಕೇಳಿರಲಿಲ್ಲ.

ತೊಟ್ಟೆಯೊಳಗೆ ಇದ್ದದ್ದು

ನಮ್ಮ ತರಗತಿಯಲ್ಲಿ ಹೊಸಬರು ಬಂದರೆ ಮೊದಲು ಪುಸ್ತಕ ಕೊಡುವುದಿಲ್ಲ. ನಿಮಗೆ ಓದಲು ಕಷ್ಟವಾಗುವ ಇಂಗ್ಲಿಷ್ ಕಾಗದ ಏನಿದೆಯೋ ಅದನ್ನು ಮನೆಯಿಂದ ತನ್ನಿ ಎನ್ನುತ್ತೇವೆ. ಅಕ್ಕ ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟೆ ತಂದರು. ಅದರಲ್ಲಿ ಮಗನ ಹತ್ತು ಹದಿನೈದು ವರ್ಷದ ಕಾಗದಗಳು. ಓ.ಪಿ. ಚೀಟಿ, ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನಿನ ರಿಪೋರ್ಟು, ಬಿಲ್ಲು, ಖಾಲಿ ಮಾತ್ರೆ ಶೀಟುಗಳು. ಒಂದನ್ನೂ ಬಿಸಾಡಿರಲಿಲ್ಲ. ಯಾವುದು ಬೇಕು, ಯಾವುದು ಬೇಡ ಎಂದು ಗೊತ್ತಾಗದೆ ಎಲ್ಲವನ್ನೂ ಇಟ್ಟುಕೊಂಡಿದ್ದರು.

ಎರಡು ಮಾತ್ರೆ ಶೀಟಿಗೆ ನೂಲು ಸುತ್ತಿತ್ತು. ಬೀಡಿ ಕಟ್ಟುವ ನೂಲೇ. ಒಂದು ಸುತ್ತು ಇದ್ದದ್ದು ಬೆಳಗ್ಗೆ ಮತ್ತು ರಾತ್ರಿಗೆ, ಎರಡು ಸುತ್ತು ಇದ್ದದ್ದು ರಾತ್ರಿಗೆ ಮಾತ್ರ. ಮಗಳು ಒಮ್ಮೆ ತೋರಿಸಿಕೊಟ್ಟ ಮೇಲೆ ಅಕ್ಕ ಮಾಡಿಕೊಂಡ ಉಪಾಯ ಇದು. ವರ್ಷಗಟ್ಟಲೆ ಇದರಿಂದ ಮದ್ದು ತಪ್ಪಲಿಲ್ಲ.

ಆಮೇಲೆ ಒಂದು ಸಲ ತಪ್ಪಿತು. ಮದ್ದಿನ ಅಂಗಡಿಯಲ್ಲಿ ಯಾವಾಗಲೂ ಕೊಡುವ ಕಂಪೆನಿಯದು ಇರಲಿಲ್ಲ, ಅದೇ ಮದ್ದು ಬೇರೆ ಕಂಪೆನಿಯದು ಕೊಟ್ಟರು. ಶೀಟಿನ ಬಣ್ಣ ಬೇರೆ, ಕಂಪೆನಿ ಇಟ್ಟ ಹೆಸರು ಬೇರೆ. ಅಂಗಡಿಯವರು "ಸೇಮ್ ಸೇಮ್" ಅಂದರು. ಅಕ್ಕನಿಗೆ ಧೈರ್ಯ ಬರಲಿಲ್ಲ. ಮಗಳು ಭಾನುವಾರ ಬಂದ ಮೇಲೆ ಕೇಳೋಣ ಎಂದು ಕೊಡದೆ ಇಟ್ಟರು. ಅಷ್ಟರಲ್ಲಿ ಮಗನಿಗೆ ಫಿಟ್ಸ್ ಬಂತು. ಮದ್ದು ತಪ್ಪಿದರೆ ಫಿಟ್ಸ್ ಮರುಕಳಿಸುವುದು ಈ ಕಾಯಿಲೆಯಲ್ಲಿ ಸಾಮಾನ್ಯ.

ಈ ಹೆಂಗಸು ಇಂಗ್ಲಿಷ್ ಕಲಿಯಲು ಬಂದದ್ದು ಇದಕ್ಕೆ. ಕೆಲಸಕ್ಕಲ್ಲ, ವಿದೇಶಕ್ಕಲ್ಲ. ಮಗನ ಮಾತ್ರೆಯ ಹೆಸರು ಓದಲು, ಡಾಕ್ಟರ್ ಕೇಳಿದ್ದಕ್ಕೆ ತಾನೇ ಉತ್ತರ ಕೊಡಲು. ಇದನ್ನು ಅವರ ಬಾಯಿಂದಲೇ ಕೇಳಿ ಕನ್ನಡದಲ್ಲಿ ಬರೆದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅಂಟಿಸಿದೆವು. ಪಾಠದಲ್ಲಿ ಏನು ಬರಬೇಕು, ಏನು ಬೇಡ ಎಂಬುದನ್ನು ಆ ಎರಡು ಸಾಲೇ ನಿರ್ಧರಿಸಿದವು.

ದೊಡ್ಡ ಅಕ್ಷರ ಮೊದಲು

ಶಾಲೆಯಲ್ಲಿ ನಾಲ್ಕು ಗೆರೆ ಕಾಪಿ ಪುಸ್ತಕದಲ್ಲಿ ಕೂಡಿಸಿ ಬರೆಯಲು ಕಲಿಸುತ್ತಾರೆ. 46 ವರ್ಷದವರಿಗೆ ಅದು ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅಕ್ಕನ ಕಣ್ಣಿಗೆ ದಿನಾ ಬೀಳುವ ಇಂಗ್ಲಿಷ್ ಹೆಚ್ಚಾಗಿ ದೊಡ್ಡ ಅಕ್ಷರದ್ದು: ಆಸ್ಪತ್ರೆಯ ಬೋರ್ಡು, ಬ್ಯಾಂಕಿನ ಫಾರ್ಮು, ಎಟಿಎಂ. ಮದ್ದಿನ ಮೂಲ ಹೆಸರನ್ನು (ಕಂಪೆನಿ ಇಟ್ಟ ಹೆಸರಲ್ಲ) ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ಡಾಕ್ಟರುಗಳಿಗೆ ನಿಯಮ ಮಾಡಿದೆ. ಹಾಗಾಗಿ ಮೊದಲು ದೊಡ್ಡ ಅಕ್ಷರ. ಶಾಲೆಯಲ್ಲಿ ಕಲಿತದ್ದು ಅರ್ಧ ನೆನಪಿತ್ತು, ಬೇಗ ಬಂತು. ಚಿಕ್ಕ ಅಕ್ಷರಗಳಲ್ಲಿ ಬಿ, ಡಿ, ಪಿ, ಕ್ಯೂ ಒಂದಕ್ಕೊಂದು ಗೊಂದಲ ಮಾಡುತ್ತವೆ. ಅವನ್ನು ತಡವಾಗಿ, ಒಂದೊಂದಾಗಿ ತಂದೆವು.

ಮಗನಿಗೆ ಇರುವುದು ಎರಡು ಮದ್ದು. ಲೆವೆಟಿರಾಸಿಟಾಮ್ ಮತ್ತು ಕ್ಲೋಬಜಾಮ್. ಕೇಳಲು ಭಯ ಹುಟ್ಟಿಸುವ ಹೆಸರುಗಳು. ಆದರೆ ಇವು ಕನ್ನಡ ಓದುವವರಿಗೆ ಹೇಳಿ ಮಾಡಿಸಿದ ಹಾಗಿವೆ. ಕನ್ನಡದವರಿಗೆ ಅಕ್ಷರ ಅಂದರೆ ವ್ಯಂಜನ, ಸ್ವರ ಎರಡೂ ಸೇರಿದ ಒಂದು ತುಂಡು. ಲೆ, ವೆ, ಟಿ, ರಾ, ಸಿ, ಟಾಮ್. ಇಂಗ್ಲಿಷ್ ಹೆಸರನ್ನು ಎರಡೆರಡು ಅಕ್ಷರಕ್ಕೊಂದು ಪೆನ್ಸಿಲ್ ಗೆರೆ ಹಾಕಿ ತುಂಡು ಮಾಡಿದರೆ ಒಂದೊಂದು ತುಂಡೂ ಒಂದೊಂದು ಕನ್ನಡ ಅಕ್ಷರವಾಗುತ್ತದೆ. ಕೊನೆಯ ತುಂಡಿಗೆ ಮಾತ್ರ ಒಂದು ಅಕ್ಷರ ಜಾಸ್ತಿ. ಅಕ್ಕ ಅದನ್ನು ಬೆರಳಿಟ್ಟು ಓದಿದರು. ಎರಡನೇ ಸಲ ಓದುವಾಗ ಬೆರಳು ಬೇಕಾಗಲಿಲ್ಲ. ಆಮೇಲೆ ತೊಟ್ಟೆಯಿಂದ ಮೂರು ಬೇರೆ ಬೇರೆ ಕಂಪೆನಿಯ ಖಾಲಿ ಶೀಟು ತೆಗೆದು, ಕಂಪೆನಿ ಇಟ್ಟ ಹೆಸರು ಬಿಟ್ಟು, ಮದ್ದಿನ ಮೂಲ ಹೆಸರನ್ನು ಮೂರರಲ್ಲೂ ಹುಡುಕಿ ತೋರಿಸಿದರು. ಅಂಗಡಿಯವರು ಹೇಳಿದ "ಸೇಮ್" ಎಂಬುದು ಎಲ್ಲಿದೆ ಎಂದು ಆ ದಿನ ಅವರಿಗೆ ಕಣ್ಣಾರೆ ಗೊತ್ತಾಯಿತು.

ಸ್ಪೆಲಿಂಗಿನ ಮೊದಲ ನಿಯಮವೂ ಇದೇ ಎರಡು ಶೀಟಿನಿಂದ ಸಿಕ್ಕಿತು. ಕ್ಲೋಬಜಾಮಿನಲ್ಲಿ ಸಿ ಅಕ್ಷರಕ್ಕೆ ಕ ಎಂಬ ಉಚ್ಚಾರ, ಲೆವೆಟಿರಾಸಿಟಾಮಿನಲ್ಲಿ ಅದೇ ಅಕ್ಷರಕ್ಕೆ ಸ. ಯಾಕೆ ಎಂದು ಅವರೇ ಕೇಳಿದರು. ಸಿ ಆದ ಮೇಲೆ ಇ, ಐ, ವೈ ಬಂದರೆ ಸಾಮಾನ್ಯವಾಗಿ ಸ, ಉಳಿದ ಕಡೆ ಹೆಚ್ಚಾಗಿ ಕ. ಕನ್ನಡದಲ್ಲಿ ಹೇಳಿಕೊಟ್ಟೆ, ಎರಡು ನಿಮಿಷದ ಮಾತು. ಸಿಟಿ ಬಸ್ಸು, ಕ್ಯಾಂಟೀನು, ಸಿಮೆಂಟು, ಕಾಫಿ ಎಂದು ತರಗತಿಯವರೆಲ್ಲ ಸೇರಿ ಪರೀಕ್ಷೆ ಮಾಡಿ ನೋಡಿದರು.

ಬ್ರೆಜಿಲಿನ ಪೌಲೋ ಫ್ರೇಯರ್ 1963ರಲ್ಲಿ ಆಂಜಿಕೋಸ್ ಎಂಬಲ್ಲಿ ಕೂಲಿ ಕಾರ್ಮಿಕರಿಗೆ ಓದು ಕಲಿಸಿದ್ದು ಹೀಗೆಯೇ. ಅವರ ದಿನದ ಬದುಕಿನಲ್ಲಿ ಭಾರ ಇರುವ ಪದ ಹಿಡಿದು, ಅದನ್ನು ತುಂಡು ಮಾಡಿ, ಆ ತುಂಡುಗಳಿಂದ ಬೇರೆ ಪದ ಕಟ್ಟುವುದು. ದೊಡ್ಡವರ ಶಿಕ್ಷಣದಲ್ಲಿ ಇದು ಹೊಸದೇನೂ ಅಲ್ಲ. 1991ರ ಏಪ್ರಿಲ್ 18ರಂದು ಪೂರ್ಣ ಸಾಕ್ಷರ ಎಂದು ಘೋಷಿಸಿಕೊಂಡ ರಾಜ್ಯ ನಮ್ಮದು. ಅಕ್ಕನ ಅಮ್ಮ ಆ ಕಾಲದಲ್ಲೇ ಸಹಿ ಹಾಕಲು ಕಲಿತವರು. ಓದು ಬರಹ ಕಲಿಸುವಾಗ ಇಟ್ಟುಕೊಂಡ ಈ ತಿಳಿವಳಿಕೆ ಇಂಗ್ಲಿಷ್ ಕಲಿಸುವಾಗ ಯಾಕೋ ಮರೆತು ಹೋಗುತ್ತದೆ. ದೊಡ್ಡವರನ್ನೂ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಕೂರಿಸುತ್ತೇವೆ.

ಚೀಟಿಯಲ್ಲಿ ಬರೆಯುವ ಓಡಿ, ಬಿಡಿ, ಟಿಡಿಎಸ್, ಎಚ್‌ಎಸ್, ಎಸ್‌ಓಎಸ್ ಅಕ್ಷರಗಳನ್ನು ಒಂದು ದಿನ ಇಡೀ ತರಗತಿಗೆ ಹಾಕಿದೆ. ಡಿಗ್ರಿ ಮುಗಿಸಿದ ಹುಡುಗಿ ಒಬ್ಬಳಿದ್ದಳು, ಅವಳಿಗೂ ಎಸ್‌ಓಎಸ್ ಬಿಟ್ಟು ಯಾವುದೂ ಗೊತ್ತಿರಲಿಲ್ಲ. ಅದಕ್ಕೂ ಎಮರ್ಜೆನ್ಸಿ ಎಂದು ಅರ್ಥ ಹೇಳಿದಳು. ಇವೆಲ್ಲ ಲ್ಯಾಟಿನ್ ಭಾಷೆಯಿಂದ ಬಂದ ಸಂಕ್ಷೇಪಗಳು. ಓಡಿ ದಿನಕ್ಕೆ ಒಮ್ಮೆ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವಾಗ, ಎಸ್‌ಓಎಸ್ ಅಗತ್ಯ ಬಿದ್ದರೆ ಮಾತ್ರ. ಇಂಗ್ಲಿಷ್ ಚೆನ್ನಾಗಿ ಬಂದರೂ ಯಾರಾದರೂ ಹೇಳಿಕೊಡದೆ ಇವು ಗೊತ್ತಾಗುವುದಿಲ್ಲ. 1-0-1 ಎಂದು ಬರೆದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದು ಅಕ್ಕನಿಗೆ ಮೊದಲೇ ಗೊತ್ತಿತ್ತು. ಅದನ್ನು ಅವರು ಆ ಡಿಗ್ರಿ ಹುಡುಗಿಗೆ ವಿವರಿಸಿದರು. ಆ ದಿನದ ನಂತರ ಅಕ್ಕ ಕೊನೆಯ ಬೆಂಚು ಬಿಟ್ಟು ಮುಂದೆ ಕೂರಲು ಶುರು ಮಾಡಿದರು.

ಡಾಕ್ಟರ್ ಏನು ಕೇಳುತ್ತಾರೆ

ಓದುವುದಕ್ಕಿಂತ ಮಾತಿನ ಭಾಗ ಕಷ್ಟ ಎಂದುಕೊಂಡಿದ್ದರು. ಫಿಟ್ಸ್ ರೋಗಿಯ ಬೈಸ್ಟ್ಯಾಂಡರ್ ಹತ್ತಿರ ಡಾಕ್ಟರ್ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚು ಕಡಿಮೆ ಯಾವಾಗಲೂ ಒಂದೇ. ಕೊನೆಯ ಸಲ ಯಾವಾಗ ಬಂತು? ಎಷ್ಟು ಹೊತ್ತು ಇತ್ತು? ಎಷ್ಟು ಸಲ ಬಂತು? ನಾಲಿಗೆ ಕಚ್ಚಿಕೊಂಡನಾ? ಮದ್ದು ತಪ್ಪಿತ್ತಾ? ಜ್ವರ ಇತ್ತಾ? ಎಷ್ಟು ಹೊತ್ತು ಎಂಬುದಕ್ಕೆ ಹೆಚ್ಚು ತೂಕ. ಐದು ನಿಮಿಷ ದಾಟಿದರೆ ಅದು ತುರ್ತು, ಕೂಡಲೇ ಆಸ್ಪತ್ರೆ ಸೇರಬೇಕು. ಈ ಪ್ರಶ್ನೆಗಳನ್ನು ಅಕ್ಕ ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷ್ ಬರೆದೆ. ಪಟ್ಟಿ ಅವರದು. ವರ್ಷಗಳಿಂದ ಕೇಳಿಸಿಕೊಂಡು ಬಂದವರು, ನನಗಿಂತ ಚೆನ್ನಾಗಿ ಗೊತ್ತಿತ್ತು.

ತೊಡಕಾದದ್ದು ಹೌ ಎಂದು ಶುರುವಾಗುವ ಪ್ರಶ್ನೆಗಳಲ್ಲಿ. ಹೌ ಮೆನಿ, ಹೌ ಮಚ್, ಹೌ ಲಾಂಗ್, ಹೌ ಆಫನ್. ಅಕ್ಕ ಹೌ ಕೇಳಿದ ಕೂಡಲೇ ಗಾಬರಿಯಾಗಿ ಮುಂದಿನ ಪದ ಕೇಳುವುದನ್ನೇ ಬಿಡುತ್ತಿದ್ದರು. ಲಾಂಗ್ ಎಂದರೆ ಉದ್ದ ಎಂದು ಗೊತ್ತಿತ್ತು, ಹೊತ್ತಿಗೂ ಅದೇ ಬರುತ್ತದೆ ಎಂದು ಗೊತ್ತಿರಲಿಲ್ಲ. ಹೌ ಅನ್ನು ಬಿಟ್ಟುಬಿಡಿ, ಎರಡನೇ ಪದಕ್ಕೆ ಕಿವಿ ಕೊಡಿ ಎಂದೆ. ಮೆನಿ ಅಂದರೆ ಒಂದು, ಎರಡು ಎಂದು ಬೆರಳು ಎತ್ತುವುದು. ಲಾಂಗ್ ಅಂದರೆ ಗಡಿಯಾರ ಮುಟ್ಟುವುದು. ಆಫನ್ ಅಂದರೆ ಕ್ಯಾಲೆಂಡರ್ ತೋರಿಸುವುದು. ಇಷ್ಟನ್ನೇ ಆಟದ ಹಾಗೆ ಆಡಿದೆವು, ಬಾಯಲ್ಲಿ ಉತ್ತರವೇ ಬೇಡ. ಕಿವಿ ಪಳಗಿದ ಮೇಲೆ ಉತ್ತರ ತಾನಾಗಿ ಬಂತು. ಮಲಯಾಳವನ್ನೂ ಅವರು ಕಲಿತದ್ದು ಹೀಗೇ ಅಲ್ವಾ, ಮೊದಲು ಎಷ್ಟೋ ದಿನ ಸುಮ್ನೆ ಕೇಳಿ?

ಉತ್ತರ ಪೂರ್ತಿ ವಾಕ್ಯದಲ್ಲಿ ಇರಬೇಕು ಎಂಬ ಹಟ ಇಟ್ಟುಕೊಳ್ಳಲಿಲ್ಲ. "ಮಾರ್ನಿಂಗ್. ಟು ಟೈಮ್ಸ್. ತ್ರೀ ಮಿನಿಟ್ಸ್." ಡಾಕ್ಟರಿಗೆ ಇಷ್ಟು ಸಾಕು. ವಾಕ್ಯ ಬೇಕಾದ ಕಡೆ ಕನ್ನಡದ ಸಹಾಯ ತೆಗೆದುಕೊಂಡೆವು. ಅವನಿಗೆ ಜ್ವರ ಉಂಟು ಎನ್ನುತ್ತೇವೆ. ತುಳುವಿನಲ್ಲಿ ಆಯಗ್ ಜ್ವರ ಉಂಡು, ಮಲಯಾಳದಲ್ಲೂ ಅದೇ ಕಟ್ಟು. ಅಕ್ಕನಿಗೆ ಗೊತ್ತಿರುವ ಈ ಮೂರು ಭಾಷೆಯಲ್ಲೂ ಜ್ವರ ಅವನಿಗೆ ಇರುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಅವನು ಜ್ವರವನ್ನು ಇಟ್ಟುಕೊಂಡಿರುತ್ತಾನೆ. ಹೀ ಹ್ಯಾಸ್ ಫೀವರ್. ಅವರು "ಟು ಹಿಮ್ ಫೀವರ್ ಈಸ್" ಎನ್ನುತ್ತಿದ್ದದ್ದು ಇದೇ ಕಾರಣಕ್ಕೆ. ಇದನ್ನು ಕನ್ನಡದಲ್ಲಿ ಒಮ್ಮೆ ಪಕ್ಕ ಪಕ್ಕ ಇಟ್ಟು ತೋರಿಸಿದರೆ ಮುಗಿಯಿತು. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಬಾರದು ಎಂಬ ನಿಯಮ ಇಟ್ಟವರು ಇದೇ ವಿಷಯವನ್ನು ಹೇಗೆ ಹೇಳಿಕೊಡುತ್ತಾರೆ? ಒಂದು ಭಾಷೆಯಲ್ಲಿ ಓದಿ ತಿಳಿಯುವ ಶಕ್ತಿ ಇನ್ನೊಂದು ಭಾಷೆಗೂ ದಾಟುತ್ತದೆ ಎಂಬ ವಾದವನ್ನು ಕೆನಡಾದ ಜಿಮ್ ಕಮಿನ್ಸ್ 1979ರಲ್ಲೇ ಮುಂದಿಟ್ಟರು. ಏಳನೇ ಕ್ಲಾಸಿನವರೆಗಿನ ಕನ್ನಡ ಅಕ್ಕನ ಕೈಯಲ್ಲಿರುವ ದೊಡ್ಡ ಆಸ್ತಿ. ಅದನ್ನು ಬಾಗಿಲ ಹೊರಗೆ ಇಟ್ಟು ಬನ್ನಿ ಎನ್ನಲು ನನ್ನಿಂದ ಸಾಧ್ಯವಿಲ್ಲ.

ಇಂಗ್ಲಿಷ್ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲೂ ಬಿಟ್ಟೆ. ಅದನ್ನು ಬೇಡ ಎನ್ನುವ ಟೀಚರುಗಳಿದ್ದಾರೆ, ಅವರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಕನ್ನಡ ಲಿಪಿಯಲ್ಲಿ ಬರೆದದ್ದೇ ಕಣ್ಣಿಗೆ ಬಿದ್ದರೆ ಇಂಗ್ಲಿಷ್ ಅಕ್ಷರದ ಕಡೆ ಯಾರೂ ನೋಡುವುದಿಲ್ಲ. ಹಾಗಾಗಿ ಪುಟವನ್ನು ನಡುವೆ ಮಡಚಿ ಒಂದು ಬದಿ ಕನ್ನಡ ಲಿಪಿ, ಇನ್ನೊಂದು ಬದಿ ಇಂಗ್ಲಿಷ್. ಮನೆಯಲ್ಲಿ ಬೀಡಿ ಕಟ್ಟುತ್ತಾ ಪುಟ ಎದುರಿಗಿಟ್ಟುಕೊಂಡು ಹೇಳಿಕೊಳ್ಳುತ್ತಿದ್ದರು. ಮರೆತರೆ ತಿರುಗಿಸಿ ನೋಡಬಹುದು, ತಿರುಗಿಸುವ ಶ್ರಮ ಪಡಬೇಕು ಅಷ್ಟೆ.

ಉಚ್ಚಾರದಲ್ಲಿ ಫುಡ್ಡು, ಟ್ಯಾಬ್ಲೆಟ್ಟು ಎಂದು ಕೊನೆಗೆ ಉಕಾರ ಬರುತ್ತಿತ್ತು. ಅದನ್ನು ತಿದ್ದಲಿಲ್ಲ. ಕೇಳುವವರಿಗೆ ಅರ್ಥವಾಗುತ್ತದೆ. ಒಂದನ್ನು ಮಾತ್ರ ಬಿಡದೆ ತಿದ್ದಿದೆವು. ಫಿಫ್ಟೀನ್ ಮತ್ತು ಫಿಫ್ಟಿ, ಥರ್ಟೀನ್ ಮತ್ತು ಥರ್ಟಿ. ಮದ್ದಿನ ಅಳತೆಯಲ್ಲಿ ಇವು ಅದಲು ಬದಲಾದರೆ ಅಪಾಯ. ಅನುಮಾನ ಬಂದರೆ "ಒನ್ ಫೈವ್?" ಅಥವಾ "ಫೈವ್ ಝೀರೋ?" ಎಂದು ಅಂಕಿ ಬಿಡಿಸಿ ಕೇಳಬೇಕು. ತರಗತಿಯಲ್ಲಿ ನಾನು ಬೇಕೆಂದೇ ಅಸ್ಪಷ್ಟವಾಗಿ ಹೇಳುತ್ತಿದ್ದೆ, ಅವರು ನಿಲ್ಲಿಸಿ ಕೇಳಬೇಕಿತ್ತು. ಟೀಚರನ್ನು ನಡುವೆ ತಡೆದು ಕೇಳಲು ಅಕ್ಕನಿಗೆ ಬಹಳ ಸಂಕೋಚ. ನಿಜ ಹೇಳಬೇಕೆಂದರೆ ಇಂಗ್ಲಿಷಿಗಿಂತ ಈ ಸಂಕೋಚ ಬಿಡಿಸಲು ಜಾಸ್ತಿ ದಿನ ಹಿಡಿಯಿತು. "ಡಾಕ್ಟ್ರಿಗೆ ಕೋಪ ಬಂದ್ರೆ?" ಎಂದು ಕೇಳುತ್ತಿದ್ದರು. ಅದಕ್ಕೆ ಒಂದು ಮಾತು ಬಾಯಿಪಾಠ ಮಾಡಿಸಿದೆ. "ಡಾಕ್ಟರ್, ಸ್ಲೋಲಿ ಪ್ಲೀಸ್." ಇನ್ನೊಂದು, ಡಾಕ್ಟರ್ ಹೇಳಿದ್ದನ್ನು ತಿರುಗಿ ಅವರಿಗೇ ಒಪ್ಪಿಸುವುದು. "ಮಾರ್ನಿಂಗ್ ಒನ್, ನೈಟ್ ಟು, ಕರೆಕ್ಟ್?" ರೋಗಿ ಅರ್ಥ ಮಾಡಿಕೊಂಡರೋ ಇಲ್ಲವೋ ಎಂದು ನೋಡಲು ಆರೋಗ್ಯ ಕ್ಷೇತ್ರದವರೇ ಒಪ್ಪಿದ ಕ್ರಮ ಇದು. ಅಲ್ಲಿ ಡಾಕ್ಟರೋ ನರ್ಸೋ ರೋಗಿಯಿಂದ ಹೇಳಿಸುತ್ತಾರೆ. ಇಲ್ಲಿ ಅಕ್ಕ ತಾನಾಗಿ ಹೇಳಬೇಕು.

ಮಂಗಳೂರಿನಲ್ಲಿ

ಮಳೆಗಾಲ ಮುಗಿಯುತ್ತಾ ಬಂದಾಗ ಮಗನ ರಿವ್ಯೂ ಇತ್ತು. ಮಗಳು ಜೊತೆಗೆ ಹೋದರೂ ಬಾಯಿ ಬಿಡುವುದಿಲ್ಲ ಎಂದು ಮೊದಲೇ ಮಾತಾಗಿತ್ತು. ಅಲ್ಲಿ ನಡೆದದ್ದನ್ನು ತಾಯಿ ಮಗಳು ಇಬ್ಬರೂ ಬಂದು ಹೇಳಿದರು.

ಕೇಳಿದವರು ಒಬ್ಬರು ಚಿಕ್ಕ ಪ್ರಾಯದ ಲೇಡಿ ಡಾಕ್ಟರ್. ಕೊನೆಯ ಸಲ ಯಾವಾಗ ಎಂದಾಗ ಅಕ್ಕ ತಿಂಗಳು, ತಾರೀಕು ಹೇಳಿದರು. ಹೌ ಲಾಂಗ್ ಎಂದಾಗ "ತ್ರೀ ಮಿನಿಟ್ಸ್, ಐ ಸೀ ಕ್ಲಾಕ್" ಎಂದರು. ವ್ಯಾಕರಣ ತಪ್ಪಿರಬಹುದು, ಆದರೆ ಅಂದಾಜಿನಲ್ಲಿ ಹೇಳಿದ್ದಲ್ಲ, ಗಡಿಯಾರ ನೋಡಿ ಹೇಳಿದ್ದು ಎಂದು ಆ ಡಾಕ್ಟರಿಗೆ ತಿಳಿಯಿತು. ಮದ್ದು ತಪ್ಪಿತ್ತಾ ಎಂದು ಕೇಳಿದಾಗ ಅಕ್ಕ ಹೊಸ ಶೀಟು, ಹಳೇ ಶೀಟು ಎರಡನ್ನೂ ತೆಗೆದು ತೋರಿಸಿ, "ಕಂಪೆನಿ ಚೇಂಜ್. ಐ ಫಿಯರ್. ನಾಟ್ ಗಿವ್. ಫಿಟ್ಸ್ ಕಮ್" ಎಂದರು. ಇದು ನಾವು ಅಭ್ಯಾಸ ಮಾಡಿದ ಮಾತಲ್ಲ. ತಾವೇ ಕಟ್ಟಿದ್ದು.

ಇದರಿಂದ ಒಂದು ದೊಡ್ಡ ಉಪಕಾರವಾಯಿತು. ಮದ್ದು ಕೊಟ್ಟರೂ ಫಿಟ್ಸ್ ಬಂದಿದೆ ಎಂದುಕೊಂಡರೆ ಡಾಕ್ಟರ್ ಮದ್ದಿನ ಪ್ರಮಾಣ ಜಾಸ್ತಿ ಮಾಡುವ ಯೋಚನೆ ಮಾಡಬಹುದು. ಮದ್ದು ತಪ್ಪಿದ್ದರಿಂದ ಬಂದಿದೆ ಎಂದು ಗೊತ್ತಾದರೆ ವಿಚಾರವೇ ಬೇರೆ. ಆ ದಿನ ಪ್ರಮಾಣ ಬದಲಾಗಲಿಲ್ಲ. ಚೀಟಿಯಲ್ಲಿ ಮದ್ದಿನ ಮೂಲ ಹೆಸರನ್ನು ಡಾಕ್ಟರ್ ದೊಡ್ಡ ಅಕ್ಷರದಲ್ಲಿ ಬಿಡಿಸಿ ಬರೆದುಕೊಟ್ಟರು, ಅಕ್ಕ ಅಲ್ಲೇ ನಿಂತು ಓದಿ ಹೇಳಿದರು.

ಒಂದು ಪ್ರಶ್ನೆಗೆ ಮಾತ್ರ ಉತ್ತರ ತಪ್ಪಿತು. ನಿದ್ದೆ ಹೇಗಿದೆ ಎಂದು ಕೇಳಿದ್ದ ಪ್ರಶ್ನೆಗೆ ಅಕ್ಕ ರಾತ್ರಿ ಕೊಡುವ ಮಾತ್ರೆಯ ಹೆಸರು ಹೇಳಿದರು. ಅದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ಈಗ ಸೇರಿಸಿದ್ದೇವೆ.

ಆಗದೆ ಉಳಿದದ್ದು

ಡಿಸ್ಚಾರ್ಜ್ ಸಮ್ಮರಿಯನ್ನು ಅಕ್ಕ ಪೂರ್ತಿ ಓದಲಾರರು. ಓದಬೇಕು ಎಂದು ನಾನೂ ಹೇಳುವುದಿಲ್ಲ. ಅದರಲ್ಲಿ ಕಾಯಿಲೆಯ ಹೆಸರು, ಮನೆಗೆ ಹೋದ ಮೇಲೆ ಕೊಡಬೇಕಾದ ಮದ್ದು, ಮುಂದೆ ಬರಬೇಕಾದ ತಾರೀಕು ಎಲ್ಲಿರುತ್ತವೆ ಎಂದು ಹುಡುಕಬಲ್ಲರು. ಸ್ಕ್ಯಾನಿನ ರಿಪೋರ್ಟು ಓದುವುದು ಡಾಕ್ಟರ ಕೆಲಸ. ಮದ್ದಿನ ಶೀಟಿನಲ್ಲಿ ಮುಗಿಯುವ ತಿಂಗಳು ನೋಡಲು ಬರುತ್ತದೆ. ಕೈಬರಹ ಗೀಚಿದ ಹಾಗಿದ್ದರೆ ಅವರಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಆಗ ಹಿಂತಿರುಗಿ ಹೋಗಿ ಕೇಳುವುದೊಂದೇ ದಾರಿ.

ಫೋನಿನಲ್ಲಿ ಇಂಗ್ಲಿಷ್ ಇನ್ನೂ ಕಷ್ಟ. ಮುಖ ಕಾಣದಿದ್ದರೆ ಕೇಳಿದ್ದು ಅರ್ಧ ಹಾರಿಹೋಗುತ್ತದೆ. ತರಗತಿಗೆ ಬರುವುದರಲ್ಲೂ ಏರುಪೇರು ಇದ್ದೇ ಇದೆ. ಕೋಲ, ಮದುವೆಗಳ ತಿಂಗಳುಗಳಲ್ಲಿ ಭಾನುವಾರ ಯಾರೂ ಸಿಗುವುದಿಲ್ಲ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಕೋಲ, ಜಾತ್ರೆಗಳು ನಿಲ್ಲುವ ದಿನ) ಕಳೆದ ಮೇಲೆಯೇ ಕ್ಲಾಸು ತುಂಬುವುದು, ಆಗ ಮಳೆ, ಕರೆಂಟು ಇಲ್ಲ. ಮಗನಿಗೆ ಸೌಖ್ಯ ಇಲ್ಲದ ವಾರ ಅಕ್ಕ ಬರುವ ಪ್ರಶ್ನೆಯೇ ಇಲ್ಲ. ಇಂಥವರಿಗೆ ಹಾಜರಿ ಲೆಕ್ಕ ಹಿಡಿದು ಕಲಿಸಲಾಗದು. ಒಂದೊಂದು ದಿನದ ಪಾಠವೂ ಅಂದೇ ಮುಗಿಯುವ ಹಾಗೆ ಇರಬೇಕು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಕಾಸರಗೋಡಿನ ಕನ್ನಡಿಗರಿಗೆ ಸರಕಾರಿ ಕಚೇರಿಯಲ್ಲಿ ಕನ್ನಡದಲ್ಲೇ ಅಹವಾಲು ಕೊಡಲು ಸಂವಿಧಾನದ 350ನೇ ವಿಧಿಯ ಬಲ ಇದೆ, ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯೂ ಕನ್ನಡ, ತಮಿಳು ಅಲ್ಪಸಂಖ್ಯಾತರನ್ನು ಗುರುತಿಸಿದೆ. ಅದನ್ನು ಬಿಟ್ಟುಕೊಟ್ಟು ಇಂಗ್ಲಿಷ್ ಕಲಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಪಂಚಾಯತಿಗೆ ಬರೆಯುವ ಅರ್ಜಿಯನ್ನು ಅಕ್ಕ ಕನ್ನಡದಲ್ಲೇ ಬರೆಯುತ್ತಾರೆ, ಚಂದದ ಅಕ್ಷರ. ಮಾತ್ರೆ ಶೀಟಿಗೆ ಮಾತ್ರ ಆ ಹಕ್ಕು ತಲುಪುವುದಿಲ್ಲ. ಅದಕ್ಕೆ ಬೇಕಾದಷ್ಟು ಇಂಗ್ಲಿಷ್ ನಮ್ಮ ಕೈಯಲ್ಲಿ ಇರಲೇಬೇಕು.

ತರಗತಿಯಿಂದ ಪರೀಕ್ಷೆ, ಸರ್ಟಿಫಿಕೇಟು ಬೇಕು ಎನ್ನುವವರಿಗೆ ಬೇರೆ ದಾರಿಗಳಿವೆ. ರಾಜ್ಯ ಸಾಕ್ಷರತಾ ಮಿಷನ್ ನಾಲ್ಕು, ಏಳು, ಹತ್ತು, ಹನ್ನೆರಡರ ತತ್ಸಮಾನ ಪರೀಕ್ಷೆಗಳನ್ನು ನಡೆಸುತ್ತದೆ. ಅಕ್ಕನಿಗೆ ಹತ್ತನೇ ಕ್ಲಾಸಿನ ಆಸೆ ಹುಟ್ಟಿದೆ. ಗಂಡ ಮೊದಲು "ಈ ಪ್ರಾಯದಲ್ಲಿ ಇಂಗ್ಲಿಷ್ ಎಂತಕ್ಕೆ" ಎನ್ನುತ್ತಿದ್ದವರು, ಈಗ ತೋಟದ ಮದ್ದಿನ ಡಬ್ಬಿ ತಂದು ಇದರಲ್ಲಿ ಏನು ಬರೆದಿದೆ ನೋಡು ಎಂದು ಕೇಳುತ್ತಾರಂತೆ. ಏಳರಿಂದ ಹತ್ತಕ್ಕೆ ಲೆಕ್ಕ, ವಿಜ್ಞಾನ ಎಲ್ಲ ಬೇಕು. ಅದು ಬೇರೆಯೇ ದುಡಿಮೆ, ಸಮಯ ಹಿಡಿಯುತ್ತದೆ.

ಅಕ್ಕ ಮಾಡಿದ ಪ್ರಶ್ನೆಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಎರಡು ಬದಿಯಾಗಿ ಬರೆದು ಗ್ರಂಥಾಲಯದಲ್ಲಿ ಪ್ರತಿ ಇಟ್ಟಿದ್ದೇವೆ. ಬೇಕಾದವರು ತೆಗೆದುಕೊಂಡು ಹೋಗುತ್ತಾರೆ. ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಬರುವ ಹೆಂಗಸರಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು ಜನ ಇದ್ದಾರೆ. ಅವರ ರಕ್ತ ಪರೀಕ್ಷೆಯ ಕಾಗದ ಇಟ್ಟುಕೊಂಡು ಇನ್ನೊಂದು ಗುಂಪು ಶುರು ಮಾಡುತ್ತೇವೆ. ಎಫ್‌ಬಿಎಸ್ (ಖಾಲಿ ಹೊಟ್ಟೆಯಲ್ಲಿ ನೋಡುವ ಸಕ್ಕರೆ), ಪಿಪಿಬಿಎಸ್ (ಊಟದ ನಂತರ ನೋಡುವುದು) ಎಂಬ ಅಕ್ಷರಗಳು ಅವರ ಮೊದಲ ಪಾಠ. ಮೊದಲ ಕೆಲವು ಪಾಠ ಅಕ್ಕನೇ ಹೇಳಿಕೊಡಲು ಒಪ್ಪಿದ್ದಾರೆ. ಭಾನುವಾರ ಬೇಡ, ಶನಿವಾರ ಬೀಡಿ ಕೊಟ್ಟು ಬಂದ ಮೇಲೆ ಆಗಲಿ ಅಂತ ಹೇಳಿದ್ದಾರೆ.